ಜುರಾಸಿಕ್ ಪಾರ್ಕ್‌ನ ಮುಂದಿನ ಭಾಗಗಳು ಯಾಕೆ ಮೊದಲನೆಯದರಷ್ಟು ಹಿಡಿಸಲ್ಲ?

ಹಳೇ ಟಾಕೀಸ್: 1993ರ ಡೈನೋಸಾರ್ ಸಿನಿಮಾ ಜುರಾಸಿಕ್ ಪಾರ್ಕ್ ಎಷ್ಟು ಸಲ ನೋಡಿದರೂ ಬೇಜಾರಾಗಲ್ಲ. ಅದರ ಎರಡನೇ ಭಾಗ, 1997ರ ದಿ ಲಾಸ್ಟ್ ವರ್ಲ್ಡ್ ಪೂರ್ತಿ ನೋಡಲು ತಾಳ್ಮೆ ಬೇಕು. ಅದನ್ನೂ ಮಾಡಿದ್ದು ಮೊದಲನೆಯದರ ನಿರ್ದೇಶಕ ಸ್ಪಿಲ್‌ಬರ್ಗ್ ಅವರೇ. ಎಲ್ಲಿ ಎಡವಿದರು?

ಗೀತಾ ಎಂ: ಕಾಯಿಸುವುದರಲ್ಲಿ. ಎರಡು ಗಂಟೆ ಮೀರಿದ ಮೊದಲ ಸಿನಿಮಾದಲ್ಲಿ ಡೈನೋಸಾರ್‌ಗಳು ಕಾಣುವುದು ಎಲ್ಲಾ ಸೇರಿ ಸುಮಾರು 15 ನಿಮಿಷ. ದೈತ್ಯ ಬೇಟೆಗಾರ ಡೈನೋಸಾರ್ ಟಿ-ರೆಕ್ಸ್ ಬರುವಷ್ಟರಲ್ಲಿ ಒಂದು ಗಂಟೆ ಆಗಿರುತ್ತದೆ. ಜೋರು ಮಳೆ, ಕರೆಂಟ್ ಹೋಗಿ ನಿಂತ ಕಾರು, ಲೋಟದಲ್ಲಿ ನಡುಗುವ ನೀರು. ಟಿ-ರೆಕ್ಸ್‌ಗೆಂದು ಕಟ್ಟಿಹಾಕಿದ್ದ ಮೇಕೆ ಕಾಣಿಸುತ್ತಿಲ್ಲ. ಅಷ್ಟರಲ್ಲಿ ಮೇಕೆಯ ಕಾಲು ಕಾರಿನ ಮೇಲ್ಗಾಜಿನ ಮೇಲೆ ದೊಪ್ಪನೆ ಬೀಳುತ್ತದೆ. ಪ್ರಾಣಿ ಇನ್ನೂ ಕಂಡೇ ಇಲ್ಲ, ನಮ್ಮ ಜೀವ ಆಗಲೇ ಬಾಯಿಗೆ ಬಂದಿರುತ್ತದೆ!

ಮಲ್ನಾಡ್ ರವಿ: ಒಪ್ಪಲ್ಲ ಮೇಡಂ. ಲಾಸ್ಟ್ ವರ್ಲ್ಡ್‌ನಲ್ಲಿ ಟ್ರೈಲರ್ ಗಾಡಿ ಕಡಿದಾದ ಬಂಡೆಯಿಂದ ನೇತಾಡುವ ದೃಶ್ಯ ನೆನಪಿದೆಯಾ? ನಾಯಕಿ ಸಾರಾ ಅದರ ಹಿಂದಿನ ಗಾಜಿನ ಮೇಲೆ ಬಿದ್ದಿದ್ದಾಳೆ. ಕೈ ಊರಿದಲ್ಲೆಲ್ಲ ಗಾಜು ಬಿರುಕು ಬಿಡುತ್ತಿದೆ. ಅದು ಯಾವುದಕ್ಕೆ ಕಮ್ಮಿ? ಮೊದಲ ಸಲ ನೋಡಿದಾಗಿನ ಬೆರಗು ಎರಡನೇ ಸಲ ಯಾರು ಕೊಟ್ಟರೂ ಸಿಗಲ್ಲ. ಸಿನಿಮಾವನ್ನು ಬೈದು ಪ್ರಯೋಜನವಿಲ್ಲ.

ಗೀತಾ ಎಂ: ಆ ದೃಶ್ಯ ನನಗೂ ಇಷ್ಟ. ಅಲ್ಲೂ ಗೆದ್ದಿದ್ದು ಕಾಯಿಸಿದ್ದರಿಂದಲೇ ಅಲ್ವಾ? ಟಿ-ರೆಕ್ಸ್ ಸ್ಯಾನ್ ಡಿಯಾಗೋ ಬೀದಿಗೆ ಇಳಿದ ಮೇಲೆ ಗಲಾಟೆ ಜಾಸ್ತಿಯಾಯಿತು, ಭಯ ಹೋಯಿತು.

ಶಿವು: ನನಗೆ ಸಿಟ್ಟು ಬರಿಸುವುದು ಇನ್ನೂ ದೊಡ್ಡದು ತೋರಿಸುವ ಚಟ. 2001ರ ಮೂರನೇ ಭಾಗದಲ್ಲಿ ಸ್ಪೈನೋಸಾರಸ್ ಅನ್ನುವ ಇನ್ನೊಂದು ಡೈನೋಸಾರ್ ಬಂದು ಟಿ-ರೆಕ್ಸ್‌ನ ಕತ್ತು ಮುರಿಯಿತು. 2015ರ ನಾಲ್ಕನೇ ಭಾಗದಲ್ಲಿ, ಲ್ಯಾಬ್‌ನಲ್ಲಿ ಹಲವು ಪ್ರಾಣಿಗಳ ಜೀನ್ ಬೆರೆಸಿ ಮಾಡಿದ ಡೈನೋಸಾರ್ ಇಂಡೊಮಿನಸ್. ಆ ಮೂರನೇ ಭಾಗಕ್ಕೆ ಚಿತ್ರಕಥೆ ಮುಗಿಯುವ ಮೊದಲೇ ಶೂಟಿಂಗ್ ಶುರು ಮಾಡಿದ್ದರು. ಪ್ರಾಣಿ ರೆಡಿ, ಕಥೆ ರೆಡಿ ಇಲ್ಲ.

ಮಲ್ನಾಡ್ ರವಿ: ಹಾಗಾದರೆ ಸಾಹಸ ಸಿನಿಮಾ ಇಂಡಿಯಾನಾ ಜೋನ್ಸ್‌ನ ಮೂರನೇ ಭಾಗ? 1989ರ ಲಾಸ್ಟ್ ಕ್ರುಸೇಡ್ ನನಗೆ ಮೊದಲನೆಯದರಷ್ಟೇ ಇಷ್ಟ.

ಹಳೇ ಟಾಕೀಸ್: ಅಲ್ಲಿ ಮೊದಲ ಭಾಗದ ಹಾವುಗಳನ್ನು ಡಬಲ್ ಮಾಡಲಿಲ್ಲ ರವಿ, ನಾಯಕನ ಅಪ್ಪನನ್ನು ಕರೆತಂದರು. ಮೇಲೆ ಶತ್ರು ವಿಮಾನ, ಮಗನ ಪಿಸ್ತೂಲಿನಲ್ಲಿ ಗುಂಡಿಲ್ಲ. ಅಪ್ಪನ ಪಾತ್ರದ ಶಾನ್ ಕಾನರಿ ಸುಮ್ನೆ ಛತ್ರಿ ಬಿಚ್ಚಿ ಕಡಲಹಕ್ಕಿಗಳನ್ನು ಎಬ್ಬಿಸುತ್ತಾರೆ, ವಿಮಾನ ಉರುಳುತ್ತದೆ. ಆಗ ಮಗ ಅಪ್ಪನನ್ನು ನೋಡುವ ನೋಟ ಇದೆಯಲ್ಲ, ಅದಕ್ಕೇ ಮತ್ತೆ ಮತ್ತೆ ನೋಡುವುದು.

ಮಲ್ನಾಡ್ ರವಿ: ಅದು ನಿಜ. ಲಾಸ್ಟ್ ವರ್ಲ್ಡ್‌ನಲ್ಲೂ ನಾಯಕ ಮಾಲ್ಕಮ್‌ಗೆ ಮಗಳಿದ್ದಳು, ಕೆಲ್ಲಿ. ಅಪ್ಪ ಜೊತೆಗಿರಲ್ಲ ಅನ್ನುವ ಕೋಪ ಅವಳಿಗೆ. ಎಂಥ ಒಳ್ಳೇ ಎಳೆ! ಕೊನೆಗೆ ಅವಳಿಗೆ ಕೊಟ್ಟಿದ್ದು ಜಿಮ್ನಾಸ್ಟಿಕ್ಸ್ ಮಾಡಿ ರ‍್ಯಾಪ್ಟರ್ ಅನ್ನುವ ಡೈನೋಸಾರ್‌ಗೆ ಒದೆಯುವ ಕೆಲಸ. ಆ ಕೋಪದ ಕಡೆ ಯಾರೂ ಸರಿಯಾಗಿ ತಿರುಗಿ ನೋಡಲಿಲ್ಲ.