ಬಯೋಸ್ ಅಪ್‌ಡೇಟ್ ಆದ ಮೇಲೆ ಉಬುಂಟು ಕಾಣುತ್ತಿಲ್ಲ, ಅನುಭವ ಇದ್ದವರು ಹೇಳಿ

ಯಲಹಂಕ ಉಪನಗರ:

ಎಲ್ಲರಿಗೂ ನಮಸ್ಕಾರ. ಮಗಳ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11, ಉಬುಂಟು 22.04 (ಲಿನಕ್ಸ್) ಎರಡೂ ಇವೆ. ಒಂದೇ 512 ಜಿಬಿ ಎಸ್‌ಎಸ್‌ಡಿ. ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಶನಿವಾರ ರಾತ್ರಿ ವಿಂಡೋಸ್ ಅಪ್‌ಡೇಟ್ ಆಯಿತು, ಅದರ ಜೊತೆಗೇ ಬಯೋಸ್ (ಆನ್ ಮಾಡಿದ ಕೂಡಲೇ ಓಡುವ ಮದರ್‌ಬೋರ್ಡಿನ ತಂತ್ರಾಂಶ) ಅಪ್‌ಡೇಟೂ ಆಯಿತು. ಆವತ್ತಿನಿಂದ ಗ್ರಬ್ ಮೆನು (ಯಾವ ಓಎಸ್ ಬೇಕೆಂದು ಕೇಳುವ ಪಟ್ಟಿ) ಬರುವುದೇ ಇಲ್ಲ. ಆನ್ ಮಾಡಿದರೆ ಸೀದಾ ವಿಂಡೋಸ್. ಎಫ್12 ಒತ್ತಿದರೂ ಪಟ್ಟಿಯಲ್ಲಿ ಉಬುಂಟು ಹೆಸರಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನೋಡಿದರೆ ಉಬುಂಟುವಿನ 140 ಜಿಬಿ ಭಾಗ ಹಾಗೇ ಇದೆ. ಮಗಳ ಕೊನೆ ವರ್ಷದ ಪ್ರಾಜೆಕ್ಟ್ ಪೂರ್ತಿ ಅದರೊಳಗಿದೆ, ಸಲ್ಲಿಸಲು 12 ದಿನ ಬಾಕಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗೆ ತೆಗೆದುಕೊಂಡು ಹೋಗಲಾ, ಮನೆಯಲ್ಲೇ ಆಗುತ್ತದಾ? ಇಂಥದ್ದು ಆದವರು ಏನು ಮಾಡಿದಿರಿ, ಎಷ್ಟು ಖರ್ಚಾಯಿತು, ದಯವಿಟ್ಟು ತಿಳಿಸಿ.

ಚಾಮರಾಜಪೇಟೆ ಡಿಟಿಪಿ:

ಸರ್, ಅಂಗಡಿಗೆ ಕೊಡುವ ಮುಂಚೆ ನನಗೆ ಆದದ್ದನ್ನು ಓದಿ. ನನ್ನದು 2014ರ ಡೆಸ್ಕ್‌ಟಾಪ್. ವಿಂಡೋಸ್ 7, ಎಂಬಿಆರ್ ಡಿಸ್ಕ್ (ತಲೆಯಲ್ಲೇ ಬೂಟ್ ಕೋಡ್ ಇರುವ ಹಳೇ ಮಾದರಿ), ಪಕ್ಕದಲ್ಲಿ ಲಿನಕ್ಸ್. ಜಾಗ ಸಾಲದೆ ವಿಂಡೋಸ್ ಒಳಗಿಂದಲೇ ಲಿನಕ್ಸ್ ಭಾಗವನ್ನು ಅಳಿಸಿದೆ. ನಾನು ಮಾಡಿದ್ದು ಅಷ್ಟೇ. ಮಾರನೇ ಬೆಳಿಗ್ಗೆ ಕಪ್ಪು ಪರದೆ. 'ನೋ ಸಚ್ ಪಾರ್ಟಿಷನ್', ಅದರ ಕೆಳಗೆ 'ಗ್ರಬ್ ರೆಸ್ಕ್ಯೂ'. ಮದುವೆ ಕಾರ್ಡಿನ ಕಾಲ, ಕೈಯಲ್ಲಿ 40 ಆರ್ಡರ್.

ಗ್ರಬ್‌ನ ಮೊದಲ ತುಂಡು ಡಿಸ್ಕಿನ ತಲೆಯಲ್ಲಿರುತ್ತದೆ, ಉಳಿದದ್ದೆಲ್ಲ ನಾನು ಅಳಿಸಿದ ಭಾಗದಲ್ಲಿತ್ತು ಎಂದು ಆಗ ನನಗೆ ಯಾರು ಹೇಳಬೇಕು? ವಿಂಡೋಸ್ ಡಿವಿಡಿ ಹಾಕಿ, ರಿಪೇರಿಗೆ ಹೋಗಿ, 'ಬೂಟ್‌ರೆಕ್ ಫಿಕ್ಸ್ ಎಂಬಿಆರ್' ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಐದು ನಿಮಿಷದ ಕೆಲಸ. ಗೊತ್ತಿಲ್ಲದೆ ಎಸ್.ಪಿ. ರಸ್ತೆಯ ಒಂದು ಅಂಗಡಿಗೆ ಕೊಟ್ಟೆ. ಸಂಜೆ ಹೋದಾಗ 'ರೆಡಿ ಸರ್' ಎಂದರು. ಪೂರ್ತಿ ಡಿಸ್ಕ್ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಬಿಟ್ಟಿದ್ದರು. ಹನ್ನೊಂದು ತಿಂಗಳ ಕೆಲಸ ಹೋಯಿತು.

ಖರ್ಚು ಕೇಳಿದಿರಿ ಅಲ್ವಾ? ಆಟೋ ಎರಡೂ ಕಡೆ ಸೇರಿ 160 ರೂಪಾಯಿ. ಅಂಗಡಿಗೆ 1,200. ಡೇಟಾ ರಿಕವರಿಯವರಿಗೆ 14,500, ಅದರಲ್ಲಿ 3,000 ಮೊದಲೇ ಕೊಡಬೇಕು, ಏನೂ ಸಿಗದಿದ್ದರೂ ಅದು ವಾಪಸ್ ಇಲ್ಲ. ಸಿಕ್ಕಿದ್ದನ್ನು ತುಂಬಿಕೊಳ್ಳಲು ಹೊಸ ಹಾರ್ಡ್‌ಡಿಸ್ಕ್ 3,800. ಒಟ್ಟು 19,660. ಸಿಕ್ಕಿದ್ದೇನು? 23,000 ಫೈಲು, ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಯಾವುದು ಯಾರ ಕಾರ್ಡು ಎಂದು ಒಂದೊಂದಾಗಿ ತೆರೆದು ನೋಡಬೇಕು. ಇಬ್ಬರು ಗಿರಾಕಿಗಳು ಅಡ್ವಾನ್ಸ್ ವಾಪಸ್ ತೆಗೆದುಕೊಂಡು ಹೋದರು.

ಎಸ್.ಪಿ. ರಸ್ತೆ 17 ವರ್ಷ:

ಒಂದು ಅಂಗಡಿಯವರು ಮಾಡಿದ್ದಕ್ಕೆ ಇಡೀ ರಸ್ತೆಯನ್ನು ಬೈಯಬೇಡಿ. ಮೆಷಿನ್ ಕೊಡುವಾಗ 'ಸರಿ ಮಾಡಿ' ಎಂದು ಇಟ್ಟು ಹೋಗುತ್ತೀರಿ. ಒಳಗೆ ಏನಿದೆ, ಏನು ಉಳಿಯಬೇಕು ಎಂದು ಹೇಳುವವರು ತೀರಾ ಕಡಿಮೆ. ನಾನು ಪ್ರತಿ ಮೆಷಿನ್ ತೆಗೆದುಕೊಳ್ಳುವಾಗಲೂ ಚೀಟಿಯಲ್ಲಿ 'ಡೇಟಾ ಬೇಕಾ' ಎಂದು ಬರೆಸಿ ಸಹಿ ಹಾಕಿಸಿಕೊಳ್ಳುತ್ತೇನೆ. ಅದಕ್ಕೂ ಗಿರಾಕಿಗಳು 'ಇದೆಲ್ಲ ಯಾಕ್ರೀ' ಎಂದು ಸಿಡುಕುತ್ತಾರೆ.

ಚಾಮರಾಜಪೇಟೆ ಡಿಟಿಪಿ:

'ನನ್ನ ಕೆಲಸ ಎಲ್ಲಾ ಇದರಲ್ಲೇ ಇದೆ' ಎಂದು ಎರಡು ಸಲ ಹೇಳಿದ್ದೆ ಸ್ವಾಮಿ. ಸಹಿ ಯಾರೂ ಕೇಳಲಿಲ್ಲ. ಅಲ್ಲಿ ಇಲ್ಲದವರು ನನಗೆ ಬುದ್ಧಿ ಹೇಳಬೇಡಿ.

ಬನಶಂಕರಿ 2ನೇ ಹಂತ:

ನೀವಿಬ್ಬರೂ ಆಮೇಲೆ ಜಗಳ ಆಡಿ. ಯಲಹಂಕದವರೇ, ಬಯೋಸ್ ಒಳಗೆ ಕೈ ಹಾಕುವ ಮುಂಚೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಕೀ ಹುಡುಕಿ ಇಟ್ಟುಕೊಳ್ಳಿ. ನನಗೆ ಒಂಬತ್ತು ದಿನ ನಿದ್ದೆ ಇರಲಿಲ್ಲ.

ನಾನು ಒಂದು ವಿಡಿಯೊ ನೋಡಿ ಸೆಕ್ಯೂರ್ ಬೂಟ್ (ನಂಬಿಕೆಯಿಲ್ಲದ ಬೂಟ್ ಫೈಲು ತಡೆಯುವ ಬಯೋಸ್ ಸೆಟ್ಟಿಂಗ್) ಆಫ್ ಮಾಡಿದೆ, ಉಬುಂಟು ಹಾಕಬೇಕಿತ್ತು. ಮತ್ತೆ ಆನ್ ಮಾಡಿದಾಗ ನೀಲಿ ಪರದೆ, 48 ಅಂಕಿಯ ಕೀ ಕೊಡಿ ಎಂದು. ಆರಾರು ಅಂಕಿಯ ಎಂಟು ಗುಂಪು. ನಾನು ಯಾವತ್ತೂ ಬಿಟ್‌ಲಾಕರ್ ಆನ್ ಮಾಡಿದ್ದೇ ಇಲ್ಲ! ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೊದಲ ಸಲ ಮೈಕ್ರೋಸಾಫ್ಟ್ ಖಾತೆ ಹಾಕಿ ಒಳಗೆ ಹೋದಾಗಲೇ ಡಿಸ್ಕ್‌ಗೆ ಬೀಗ ಬೀಳುತ್ತದೆ, ಬೀಗದ ಕೀ ಆ ಖಾತೆಯಲ್ಲೇ ಉಳಿಯುತ್ತದೆ. ಖಾತೆ ನಮ್ಮ ಯಜಮಾನರ ಹಳೇ ಇಮೇಲಿನದು. ಪಾಸ್‌ವರ್ಡ್ ಅವರಿಗೆ ನೆನಪಿಲ್ಲ. ಓಟಿಪಿ ಹೋಗುತ್ತಿದ್ದದ್ದು ನಾವು ಬಿಟ್ಟುಬಿಟ್ಟ ನಂಬರಿಗೆ. ಖಾತೆ ವಾಪಸ್ ಪಡೆಯುವ ಅರ್ಜಿಯನ್ನು ನಾಲ್ಕು ಸಲ ತುಂಬಿದೆವು, ಮೂರು ಸಲ ತಿರಸ್ಕಾರ. ನಾಲ್ಕನೇ ಸಲ ಹಳೇ ಮೇಲುಗಳ ವಿಷಯದ ಸಾಲುಗಳನ್ನೆಲ್ಲ ನೆನಪಿಸಿಕೊಂಡು ಬರೆದಾಗ ಒಪ್ಪಿದರು. ಇದರ ಮಧ್ಯೆ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿ ನೋಡು ಎಂದು ತಮ್ಮ ಹೇಳಿದ್ದ. ನಾನು ಅಷ್ಟರಲ್ಲಿ ಬಯೋಸಿನಲ್ಲಿ ಟಿಪಿಎಂ (ಬೀಗದ ಗುಟ್ಟು ಇಟ್ಟುಕೊಳ್ಳುವ ಚಿಪ್) ಕೂಡ ಕ್ಲಿಯರ್ ಮಾಡಿಬಿಟ್ಟಿದ್ದೆ. ಅದನ್ನು ಮಾತ್ರ ಯಾರೂ ಮಾಡಬೇಡಿ. ಅದಾದ ಮೇಲೆ ಕೀ ಬಿಟ್ಟು ಬೇರೆ ದಾರಿ ಇಲ್ಲ.

ಈಗ ಆ ಕೀಯನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿ ಚಿನ್ನದ ರಸೀದಿಗಳ ಜೊತೆ ಇಟ್ಟಿದ್ದೇನೆ. ಅಕ್ಕನ ಮನೆಯಲ್ಲೂ ಒಂದು ಪ್ರತಿ ಇದೆ.

ಕೆಂಗೇರಿ ಎರಡು ಡಿಸ್ಕ್:

ಒಂದೇ ಡಿಸ್ಕಿನಲ್ಲಿ ಎರಡು ಓಎಸ್ ಇಟ್ಟವರ ಗೋಳು ಇದೇ. ನಾನು 2021ರಲ್ಲೇ ನಿರ್ಧಾರ ಮಾಡಿದೆ. ಎರಡನೇ ಎನ್‌ವಿಎಂಇ ಎಸ್‌ಎಸ್‌ಡಿ ತಂದೆ, 500 ಜಿಬಿ, 4,100 ರೂಪಾಯಿ. ಲ್ಯಾಪ್‌ಟಾಪ್ ಬಿಚ್ಚಿ ವಿಂಡೋಸ್ ಡಿಸ್ಕನ್ನು ಹೊರಗೆ ತೆಗೆದಿಟ್ಟು, ಆಮೇಲೆ ಉಬುಂಟು ಹಾಕಿದೆ. ಹಾಗೆ ಮಾಡದಿದ್ದರೆ ಇನ್‌ಸ್ಟಾಲರ್ ತನ್ನ ಬೂಟ್ ಫೈಲುಗಳನ್ನು ವಿಂಡೋಸ್ ಡಿಸ್ಕಿನ ಇಎಫ್‌ಐ ಭಾಗದಲ್ಲೇ ಇಟ್ಟುಬಿಡಬಹುದು, ಆಗ ಎರಡು ಡಿಸ್ಕ್ ಇದ್ದೂ ಪ್ರಯೋಜನ ಇಲ್ಲ. ಸ್ಕ್ರೂ ಡ್ರೈವರ್ ಸೆಟ್ 280. ಒಂದು ಸ್ಕ್ರೂ ಕಳೆದುಹೋಗಿ ಅದನ್ನು ಹುಡುಕಿಕೊಂಡು ಎರಡು ದಿನ ಓಡಾಡಿದೆ. ಅಷ್ಟೇ ಖರ್ಚು. ಆವತ್ತಿನಿಂದ ಒಂದು ದಿನವೂ ತೊಂದರೆ ಇಲ್ಲ. ಎಲ್ಲರೂ ಹೀಗೇ ಮಾಡಬೇಕು.

ಹೆಬ್ಬಾಳ ಲಿನಕ್ಸ್:

ಕೆಂಗೇರಿಯವರೇ, ನನ್ನ ಹತ್ತಿರವೂ ಎರಡು ಡಿಸ್ಕ್ ಇದ್ದವು. 2024ರ ಆಗಸ್ಟ್ 13ರ ಅಪ್‌ಡೇಟ್ ಆದ ಮೇಲೆ ಉಬುಂಟು ಆಯ್ಕೆ ಮಾಡಿದರೆ 'ಸಮ್‌ಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್, ಎಸ್‌ಬ್ಯಾಟ್ ಸೆಲ್ಫ್ ಚೆಕ್ ಫೇಲ್ಡ್' ಎಂದು ತೋರಿಸಿ ಮೆಷಿನ್ ಆಫ್ ಆಗುತ್ತಿತ್ತು. ನನ್ನೊಬ್ಬನಿಗಲ್ಲ, ಪ್ರಪಂಚದ ತುಂಬಾ ಜನರಿಗೆ ಆಯಿತು. 2022ರಲ್ಲಿ ಗ್ರಬ್‌ನಲ್ಲಿ ಹೊರಬಂದ ಒಂದು ದೋಷ ಮುಚ್ಚಲು ಗ್ರಬ್‌ನಂಥ ಹಳೇ ಬೂಟ್‌ಲೋಡರುಗಳನ್ನು ತಡೆಯುವ ಪಟ್ಟಿ ಈ ಎಸ್‌ಬ್ಯಾಟ್. ಆ ಪಟ್ಟಿ ಡಿಸ್ಕಿನಲ್ಲಿ ಇರುವುದಿಲ್ಲ, ಮದರ್‌ಬೋರ್ಡಿನ ನೆನಪಿನಲ್ಲಿ ಇರುತ್ತದೆ. ಎರಡು ಡಿಸ್ಕ್ ಇರಲಿ, ಹತ್ತು ಇರಲಿ, ಒಂದೇ.

ಸೆಕ್ಯೂರ್ ಬೂಟ್ ಆಫ್ ಮಾಡಿ ಉಬುಂಟು ಒಳಗೆ ಹೋಗಿ, ಮೋಕ್‌ಯುಟಿಲ್ ಕಮಾಂಡಿನಲ್ಲಿ ಎಸ್‌ಬ್ಯಾಟ್ ಪಾಲಿಸಿ ಅಳಿಸಿ, ಒಂದು ಸಲ ರೀಬೂಟ್ ಮಾಡಿ, ಶಿಮ್ (ಸೆಕ್ಯೂರ್ ಬೂಟ್ ಒಪ್ಪುವ, ಗ್ರಬ್ ಶುರು ಮಾಡುವ ಪುಟ್ಟ ಫೈಲ್) ಅಪ್‌ಡೇಟ್ ಮಾಡಿ, ಮತ್ತೆ ಸೆಕ್ಯೂರ್ ಬೂಟ್ ಆನ್ ಮಾಡಿದೆ. ಆ ವಾರ ಆಫೀಸಿನಲ್ಲಿ ನನ್ನದೇ ಆನ್‌ಕಾಲ್ ಪಾಳಿ. ರಾತ್ರಿ 2 ಗಂಟೆಯವರೆಗೆ ಫೋನಿನಲ್ಲಿ ಓದಿಕೊಂಡು ಮಾಡಿದ್ದು ಇನ್ನೂ ನೆನಪಿದೆ. ನಿಮಗೆ ಆಗಲಿಲ್ಲ ಎಂದರೆ ನಿಮ್ಮ ಶಿಮ್ ಹೊಸದಿತ್ತು, ಅಷ್ಟೇ.

ಕೆಂಗೇರಿ ಎರಡು ಡಿಸ್ಕ್:

ನಾನು ಅಪ್‌ಡೇಟ್ ಸರಿಯಾಗಿ ಮಾಡಿಕೊಂಡಿದ್ದೆ, ನೀವು ಮಾಡಿಕೊಂಡಿರಲಿಲ್ಲ. ಅದಕ್ಕೆ ನನ್ನ ಎರಡು ಡಿಸ್ಕನ್ನು ಯಾಕೆ ದೂರುತ್ತೀರಿ? ನನ್ನ ಮಾತು ಗ್ರಬ್ ಅಳಿಸಿಹೋಗುವ ಬಗ್ಗೆ. ಎಸ್‌ಬ್ಯಾಟ್ ವಿಷಯ ತಂದವರು ನೀವು.

ಪೀಣ್ಯ ವರ್ಕ್‌ಶಾಪ್:

ಸಿಮಾಸ್ ಬ್ಯಾಟರಿ, ಅಂದರೆ ಮದರ್‌ಬೋರ್ಡಿನ ಮೇಲಿನ ಪುಟ್ಟ ಸೆಲ್, ನೋಡಿದಿರಾ ಸರ್? ಮೊದಲು ಅದನ್ನು ನೋಡಿ. ವರ್ಕ್‌ಶಾಪಿನ ಹಳೇ ಕಂಪ್ಯೂಟರಿನಲ್ಲಿ ಮೊದಲ ಡಿಸ್ಕಿಗೆ ವಿಂಡೋಸ್ ಮತ್ತು ಟ್ಯಾಲಿ, ಎರಡನೇ ಡಿಸ್ಕಿಗೆ ಲಿನಕ್ಸ್ ಮಿಂಟ್ ಮತ್ತು ಗ್ರಬ್. ಕರೆಂಟ್ ಹೋದಾಗಲೆಲ್ಲ ಮೆನು ಮಾಯ, ಸೀದಾ ವಿಂಡೋಸ್. ನಿಮಗೆ ಆದ ಹಾಗೇ. ನಮ್ಮ ಕಡೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಕರೆಂಟ್ ಹೋದದ್ದೂ ಇದೆ.

ಮೊದಲ ಟೆಕ್ನಿಷಿಯನ್ 500 ತೆಗೆದುಕೊಂಡು ಗ್ರಬ್ ಮತ್ತೆ ಹಾಕಿದ. ಮೂರು ದಿನ ಬಂತು. ಎರಡನೆಯವನು 800 ತೆಗೆದುಕೊಂಡು ಕೇಬಲ್ ಬದಲಾಯಿಸಿದ. ಮೂರನೆಯವನು ಎಸ್‌ಎಂಪಿಎಸ್ (ಪವರ್ ಸಪ್ಲೈ) ಹೋಗಿದೆ ಎಂದು 2,200ರದ್ದು ಹಾಕಿದ. ಆಮೇಲೆ ಮದರ್‌ಬೋರ್ಡೇ ಹೋಗಿದೆ, 4,500 ಆಗುತ್ತದೆ ಎಂದ. ಅದು ಕೊಡಲಿಲ್ಲ, ಪುಣ್ಯ. ಒಂದು ದಿನ ಟ್ಯಾಲಿಯಲ್ಲಿ ಬಿಲ್ ಹಾಕುವ ಹುಡುಗಿ 'ಅಣ್ಣಾ, ತಾರೀಕು 2009 ಅಂತ ಬರ್ತಿದೆ' ಎಂದಳು. ಆಗ ಹೊಳೆಯಿತು. ಸಿಆರ್2032 ಸೆಲ್, 3 ವೋಲ್ಟ್ ಇರಬೇಕಾದದ್ದು ಮೀಟರ್ ಇಟ್ಟರೆ 1.9 ತೋರಿಸಿತು. ಬ್ಯಾಟರಿ ಸತ್ತರೆ ಹಳೇ ಬಯೋಸ್ ತನ್ನ ಸೆಟ್ಟಿಂಗ್ ಎಲ್ಲಾ ಮರೆಯುತ್ತದೆ, ಯಾವ ಡಿಸ್ಕ್ ಮೊದಲು ಎಂಬುದನ್ನೂ ಮರೆಯುತ್ತದೆ. ಹೊಸ ಸೆಲ್ 40 ರೂಪಾಯಿ. 40 ರೂಪಾಯಿಯ ಕೆಲಸಕ್ಕೆ 3,500 ಕಳೆದುಕೊಂಡೆ. ಮೂರೂ ಬಿಲ್ಲು ಇನ್ನೂ ಇಟ್ಟಿದ್ದೇನೆ.

ಹೆಬ್ಬಾಳ ಲಿನಕ್ಸ್:

ಅವರದ್ದು ಹೊಸ ಲ್ಯಾಪ್‌ಟಾಪ್, ಗಡಿಯಾರ ತಪ್ಪಿದೆ ಎಂದು ಹೇಳಲೇ ಇಲ್ಲ. ಸುಮ್ನೆ ದಾರಿ ತಪ್ಪಿಸಬೇಡಿ. ಡಿಟಿಪಿಯವರಿಗೂ ಒಂದು ಮಾತು. ನಿಮ್ಮ ಕೆಲಸಕ್ಕೆ ವಿಂಡೋಸ್ ಯಾಕೆ ಬೇಕು? 'ನುಡಿ' ತಂತ್ರಾಂಶಕ್ಕಾಗಿ ತಾನೇ? ಲಿನಕ್ಸಿನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಕೆಜಿಪಿ ಕೀಲಿಮಣೆ ಆರಿಸಿದರೆ ಅದೇ ವಿನ್ಯಾಸ ಸಿಗುತ್ತದೆ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ಬೆರಳಿಗೆ ಒಂದು ಚೂರೂ ವ್ಯತ್ಯಾಸ ಇಲ್ಲ. ಎಲ್ಲಾ ಯೂನಿಕೋಡ್, ಬೇರೆಯವರ ಮೆಷಿನಿನಲ್ಲೂ ಓದಬಹುದು.

ಚಾಮರಾಜಪೇಟೆ ಡಿಟಿಪಿ:

ಬೆರಳಿನ ಪ್ರಶ್ನೆ ಅಲ್ಲ ರೀ. ಗಿರಾಕಿಗಳು ತರುವ ಹಳೇ ಫೈಲು ಎಲ್ಲಾ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಇವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು ಬರುತ್ತವೆ. ಕನ್ವರ್ಟ್ ಮಾಡಿದರೆ ಒತ್ತಕ್ಷರ, ಅರ್ಕಾವೊತ್ತು ಎಲ್ಲಿಂದ ಎಲ್ಲಿಗೆ ಹೋಗಿರುತ್ತವೆ ಎಂದು ಸಾಲು ಸಾಲು ಓದಬೇಕು. ಮದುವೆ ಕಾರ್ಡಿನಲ್ಲಿ ಅಜ್ಜನ ಹೆಸರಿನ ಒತ್ತು ತಪ್ಪಿದರೆ 500 ಕಾರ್ಡಿನ ದುಡ್ಡು ನನ್ನ ಜೇಬಿನಿಂದ ಹೋಗುತ್ತದೆ. ಪ್ರೆಸ್ಸಿನವರೂ ಅದೇ ಹಳೇ ಪೇಜ್‌ಮೇಕರ್ ಫೈಲ್ ಕೇಳುತ್ತಾರೆ. ಅಭಿಮಾನ ನನಗೂ ಇದೆ, ಅದಕ್ಕೇ ಲಿನಕ್ಸ್ ಹಾಕಿಸಿದ್ದೆ. ಹೊಟ್ಟೆಪಾಡು ಬೇರೆ.

ಹೆಬ್ಬಾಳ ಲಿನಕ್ಸ್:

ಎಲ್ಲರೂ ಹೀಗೆ ಅಂದುಕೊಂಡೇ ಆ ಫಾಂಟ್ ಇನ್ನೂ ಬದುಕಿರುವುದು. ಹುಡುಕಿದರೆ ಸಿಗದ, ಇನ್ನೊಬ್ಬರ ಮೆಷಿನಿನಲ್ಲಿ ಓದಲು ಬಾರದ ಕನ್ನಡವನ್ನು ಎಷ್ಟು ವರ್ಷ ಬರೆಯುತ್ತೀರಿ?

ಬನಶಂಕರಿ 2ನೇ ಹಂತ:

ಪಾಪ, ಅವರ ಮಗಳಿಗೆ 12 ದಿನ ಇರುವುದು. ಫಾಂಟಿನ ಜಗಳ ಈಗ ಬೇಕಾ?

ಎಸ್.ಪಿ. ರಸ್ತೆ 17 ವರ್ಷ:

ಯಲಹಂಕದವರೇ, ನಿಮ್ಮ ಉಬುಂಟು ಹೋಗಿಲ್ಲ. 140 ಜಿಬಿ ಹಾಗೇ ಇದೆ ಎಂದಿರಿ ಅಲ್ವಾ? ಬಯೋಸ್ ಅಪ್‌ಡೇಟ್ ಆದಾಗ ಬೂಟ್ ಪಟ್ಟಿ ಅಳಿಸಿಹೋಗಿದೆ. ವಿಂಡೋಸ್ ಹೆಸರು ಮತ್ತೆ ಸೇರಿಕೊಂಡಿದೆ, ಉಬುಂಟು ಹೆಸರು ಸೇರಿಲ್ಲ. ವಾರಕ್ಕೆ ಎರಡಾದರೂ ಇಂಥದ್ದು ನನ್ನ ಟೇಬಲ್ಲಿಗೆ ಬರುತ್ತವೆ.

ಮೊದಲು ಬನಶಂಕರಿ ಮೇಡಂ ಹೇಳಿದ ಹಾಗೆ ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ. ಪೆನ್‌ಡ್ರೈವಿಗೆ ಉಬುಂಟು ಬರೆದು ಅದರಿಂದ ಬೂಟ್ ಮಾಡಿ, 'ಟ್ರೈ ಉಬುಂಟು' ಆರಿಸಿ. ಇನ್‌ಸ್ಟಾಲ್ ಒತ್ತಬೇಡಿ. ಆ 140 ಜಿಬಿ ಭಾಗ ತೆರೆದು ಪ್ರಾಜೆಕ್ಟನ್ನು ಇನ್ನೊಂದು ಪೆನ್‌ಡ್ರೈವಿಗೆ ನಕಲು ಮಾಡಿ. ಅದಾದ ಮೇಲೇ ಉಳಿದದ್ದು. ಬಯೋಸಿನಲ್ಲಿ 'ಆ್ಯಡ್ ಬೂಟ್ ಆಪ್ಷನ್' ಇದ್ದರೆ ಇಎಫ್‌ಐ ಫೋಲ್ಡರ್, ಅದರೊಳಗೆ ಉಬುಂಟು, ಅದರೊಳಗೆ ಶಿಮ್ ಎಕ್ಸ್64 ಫೈಲ್ ತೋರಿಸಿ, ಪಟ್ಟಿಯಲ್ಲಿ ಮೇಲೆ ತನ್ನಿ. ಆ ಆಪ್ಷನ್ ಇಲ್ಲದಿದ್ದರೆ ಪೆನ್‌ಡ್ರೈವಿನ ಉಬುಂಟುವಿನಿಂದಲೇ ಇಎಫ್‌ಐ ಬೂಟ್ ಮ್ಯಾನೇಜರ್ ಕಮಾಂಡಿನಲ್ಲಿ ಸೇರಿಸಬಹುದು. ಸೆಕ್ಯೂರ್ ಬೂಟ್ ಮುಟ್ಟಬೇಡಿ. ಆಗದಿದ್ದರೆ ತನ್ನಿ, ನೋಡೋಣ. ಫಾರ್ಮ್ಯಾಟ್ ಮಾಡುತ್ತೇವೆ ಎಂದವರಿಗೆ ಮಾತ್ರ ಕೊಡಬೇಡಿ, ಯಾವ ರಸ್ತೆಯವರಾದರೂ ಸರಿ.

ಯಲಹಂಕ ಉಪನಗರ:

ಎಲ್ಲರಿಗೂ ತುಂಬಾ ಧನ್ಯವಾದ. ಕೀ ಮಗಳ ಖಾತೆಯಲ್ಲೇ ಸಿಕ್ಕಿತು, ಬರೆದಿಟ್ಟೆವು. ಪ್ರಾಜೆಕ್ಟ್ 6 ಜಿಬಿ ಚಿಲ್ಲರೆ, ಎರಡು ಕಡೆ ನಕಲು ಮಾಡಿದೆವು. ಆಗ ಮಗಳು ಅತ್ತೇಬಿಟ್ಟಳು. ಬಯೋಸಿನಲ್ಲಿ ಆ ಆಪ್ಷನ್ ಇತ್ತು. ಶಿಮ್ ತೋರಿಸಿ ಮೇಲೆ ತಂದೆವು, ಗ್ರಬ್ ಮೆನು ಬಂತು. ಖರ್ಚು ಎರಡು ಪೆನ್‌ಡ್ರೈವ್ 900 ರೂಪಾಯಿ. ವಿಂಡೋಸ್ ಗಡಿಯಾರ ಮಾತ್ರ ಐದೂವರೆ ಗಂಟೆ ಹಿಂದೆ ಹೋಗಿದೆ. ಪೀಣ್ಯದವರು ಹೇಳಿದ ಬ್ಯಾಟರಿ ಇರಬಹುದಾ?

ಹೆಬ್ಬಾಳ ಲಿನಕ್ಸ್:

ಬ್ಯಾಟರಿ ಅಲ್ಲ. ಪೆನ್‌ಡ್ರೈವಿನ ಉಬುಂಟು ಗಡಿಯಾರವನ್ನು ಯುಟಿಸಿಯಲ್ಲಿ (ಗ್ರೀನಿಚ್ ಸಮಯದಲ್ಲಿ) ಬರೆದಿದೆ, ವಿಂಡೋಸ್ ಅದನ್ನು ಭಾರತದ ಸಮಯ ಎಂದು ಓದುತ್ತಿದೆ. ವಿಂಡೋಸಿನ ಸಮಯದ ಸೆಟ್ಟಿಂಗಿನಲ್ಲಿ 'ಸಿಂಕ್ ನೌ' ಒತ್ತಿ, ಸರಿಯಾಗುತ್ತದೆ.

ಪೀಣ್ಯ ವರ್ಕ್‌ಶಾಪ್:

ಆದರೂ ಒಂದು ಸಲ ಬ್ಯಾಟರಿ ನೋಡಿಸಿಬಿಡಿ ಸರ್.

ಎಸ್.ಪಿ. ರಸ್ತೆ 17 ವರ್ಷ:

ಸಂತೋಷ ಆಯಿತು. ಮಗಳಿಗೆ ಒಳ್ಳೆಯದಾಗಲಿ. ಡಿಟಿಪಿಯವರೇ, ನಿಮ್ಮ ಆ ಹಳೇ ಹಾರ್ಡ್‌ಡಿಸ್ಕ್ ಇನ್ನೂ ಇದೆಯಾ? ಅದರ ಮೇಲೆ ಆಮೇಲೆ ಜಾಸ್ತಿ ಏನೂ ಬರೆದಿಲ್ಲದಿದ್ದರೆ ಫೈಲುಗಳ ಹೆಸರು ಸಮೇತ ಸಿಗಬಹುದು. ದುಡ್ಡು ಬೇಡ. ಒಂದು ಸಲ ನೋಡುತ್ತೇನೆ.

ಚಾಮರಾಜಪೇಟೆ ಡಿಟಿಪಿ:

ಇದೆ. ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ನೀವು ಒಳ್ಳೆಯ ಮನಸ್ಸಿನಿಂದಲೇ ಕೇಳಿರಬಹುದು. ಆದರೆ ಅದನ್ನು ಇನ್ನೊಬ್ಬರ ಕೈಗೆ ಕೊಡಲು ನನಗೆ ಆಗುವುದಿಲ್ಲ. ನೀವು ಹೇಳಿ, ನಾನೇ ಮಾಡುತ್ತೇನೆ. ಅಥವಾ ನಿಮ್ಮ ಅಂಗಡಿಗೆ ತಂದು, ಮುಗಿಯುವವರೆಗೆ ಪಕ್ಕದಲ್ಲೇ ಕೂತಿರುತ್ತೇನೆ.