ಕೂಸಿಗೆ ಎದೆಹಾಲು ಸಾಲುತ್ತಿದೆಯೇ?

ಧಾರವಾಡದ ತಾಯಿಯೊಬ್ಬರ ಪ್ರಶ್ನೆ: ಸಿಜೇರಿಯನ್ ಆಗಿ ವಾರ ದಾಟಿದೆ. ಸಂಜೆಯಾದರೆ ಮಗಳು ಎದೆ ಬಿಡುವುದಿಲ್ಲ, ಬಿಡಿಸಿದರೆ ಅಳುತ್ತಾಳೆ. ಎದೆಯೂ ಮೊದಲಿನಂತೆ ಬಿಗಿಯುವುದಿಲ್ಲ. ಹಾಲು ಸಾಲದು, ಡಬ್ಬಿ ಹಾಲು ತರಿಸೋಣವೆಂದು ಹಿರಿಯರು ಹೇಳುತ್ತಿದ್ದಾರೆ. ಸಾಲುತ್ತಿದೆಯೋ ಇಲ್ಲವೋ ಎಂಬುದನ್ನು ನೀವೆಲ್ಲ ಹೇಗೆ ತಿಳಿದುಕೊಂಡಿರಿ?

ಗದಗಿನಿಂದ ಒಬ್ಬ ತಾಯಿ: ಅಕ್ಕಾ, ಅಳುವಿನಿಂದ ಹಾಲನ್ನು ಅಳೆಯಬೇಡಿರಿ. ಸಂಜೆಯ ಹೊತ್ತು ಮೇಲಿಂದ ಮೇಲೆ ಹಾಲು ಕೇಳುವುದು ಎಳೆಗೂಸುಗಳ ಸ್ವಭಾವ. ಎದೆ ಮೆತ್ತಗಾದ ಮಾತ್ರಕ್ಕೆ ಹಾಲು ಬತ್ತಿತೆಂದೂ ಅಲ್ಲ. ನನಗೆ ಧೈರ್ಯ ಕೊಟ್ಟದ್ದು ಲಂಗೋಟಿಗಳು. ಡೈಪರ್ ಹಾಕಿದರೆ ಎಷ್ಟು ಸಲ ತೊಯ್ದಿತೆಂಬುದು ತಿಳಿಯುವುದಿಲ್ಲವೆಂದು ಅವ್ವ ಹಳೆಯ ಧೋತರವನ್ನು ಹರಿದು ಲಂಗೋಟಿ ಮಾಡಿಕೊಟ್ಟಿದ್ದರು. ಐದನೆಯ ದಿನದ ನಂತರ 24 ತಾಸಿನಲ್ಲಿ ಕನಿಷ್ಠ 6 ಲಂಗೋಟಿಗಳು ಚೆನ್ನಾಗಿ ತೊಯ್ಯಬೇಕು, ಮೂತ್ರ ತಿಳಿಯಾಗಿರಬೇಕು. ಮೊದಲೆರಡು ದಿನ ಕಪ್ಪಗೆ ಅಂಟಂಟಾಗಿರುವ ಮಲವು ಕ್ರಮೇಣ ಹಸಿರಾಗಿ, ಐದನೆಯ ದಿನದ ಹೊತ್ತಿಗೆ ಸಣ್ಣ ಸಣ್ಣ ಕಾಳುಗಳಿರುವ ತೆಳು ಹಳದಿ ಮಲವಾಗಿ, ದಿನಕ್ಕೆ ಮೂರು-ನಾಲ್ಕು ಸಲವಾದರೂ ಆಗಬೇಕು. ಐದನೆಯ ದಿನದ ನಂತರವೂ ಲಂಗೋಟಿಯ ಮೇಲೆ ಇಟ್ಟಂಗಿ ಪುಡಿಯ ಬಣ್ಣದ ಕಲೆ ಕಂಡರೆ ಡಾಕ್ಟರಿಗೆ ತೋರಿಸಿರಿ.

ಹಾವೇರಿಯಿಂದ ಒಬ್ಬ ನಿವೃತ್ತ ನರ್ಸ್: ತಂಗಿ, ಲಂಗೋಟಿಯ ಲೆಕ್ಕದೊಂದಿಗೆ ತೂಕವನ್ನೂ ನೋಡಬೇಕು, ನನ್ನ ಮಟ್ಟಿಗೆ ಅದೇ ಕೊನೆಯ ಸಾಕ್ಷಿ. ಹುಟ್ಟಿದಾಗ 3 ಕಿಲೋ ಇದ್ದ ಕೂಸು ಮೊದಲ ದಿನಗಳಲ್ಲಿ 2.8ಕ್ಕೆ ಇಳಿದರೆ ಗಾಬರಿಯಾಗಬೇಕಿಲ್ಲ, ಆದರೆ ಶೇಕಡಾ 10ಕ್ಕಿಂತ ಹೆಚ್ಚು ಇಳಿಯಬಾರದು. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿ, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತ ಹೋಗಬೇಕು. ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತಾರೆ; ಪ್ರತಿ ಸಲವೂ ಬಟ್ಟೆ ತೆಗೆದು, ಅದೇ ತಕ್ಕಡಿಯಲ್ಲಿ ತೂಗಿಸಿ, ಬರೆದಿಟ್ಟುಕೊಳ್ಳಿರಿ.

ಕುಡಿಯುವಾಗ ಕೂಸಿನ ಗದ್ದವನ್ನೂ ಗಮನಿಸಿರಿ. ಮೊದಲು ಬೇಗ ಬೇಗ ಚೀಪಿ, ಹಾಲು ಇಳಿದ ಮೇಲೆ ಗದ್ದ ಆಳಕ್ಕೆ ಇಳಿದು, ಕ್ಷಣ ನಿಂತು, ಗುಟುಕು ನುಂಗಿದ ಸಪ್ಪಳ ಕೇಳಬೇಕು. ತೊಟ್ಟನ್ನಷ್ಟೇ ಕಚ್ಚಿಕೊಂಡು ಚೀಪುತ್ತಿದ್ದರೆ ನಿಮಗೆ ನೋವಾಗುತ್ತದೆ, ಕೂಸಿಗೂ ಹಾಲು ಬರುವುದಿಲ್ಲ. ಬಾಯಿ ಅಗಲವಾಗಿ ತೆರೆದಾಗ ಸುತ್ತಲಿನ ಕಪ್ಪು ಭಾಗವೂ ಒಳಹೋಗುವಂತೆ ಮತ್ತೆ ಹಿಡಿಸಿರಿ. ದಿನಕ್ಕೆ 8ರಿಂದ 12 ಸಲ ಕುಡಿಸಬೇಕು. ತೊಟ್ಟಿಲು ಕಾರ್ಯದ ದಿನ ಕೂಸು ಕೈಯಿಂದ ಕೈಗೆ ಹೋಗಿ ಕುಡಿಯುವ ಹೊತ್ತೇ ತಪ್ಪಿಹೋಗುವುದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ, ಅಂದು ಯಾರಿಗೂ ದಾಕ್ಷಿಣ್ಯಪಡಬೇಡಿರಿ. ಅಳವಿ ಪಾಯಸ ಉಣ್ಣಿರಿ, ಆದರೆ ಬಾಣಂತಿ ನೀರು ಕುಡಿಯಬಾರದೆಂಬ ಮಾತನ್ನು ಮಾತ್ರ ಕೇಳಬೇಡಿರಿ. ಕೂಸಿಗೆ ಆರು ತಿಂಗಳವರೆಗೆ ನೀರು, ಜೇನುತುಪ್ಪ, ಗ್ರೈಪ್ ವಾಟರ್ ಯಾವುದೂ ಬೇಡ. ಎಬ್ಬಿಸಿದರೂ ಕುಡಿಯದೆ ಮಂಕಾಗಿ ಮಲಗಿದರೆ, ಬಾಯಿ ಒಣಗಿದರೆ, ನೆತ್ತಿ ಗುಳಿಬಿದ್ದರೆ, ಕಾಮಾಲೆಯ ಹಳದಿ ಕಾಲಿನವರೆಗೆ ಇಳಿದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೋಗಿರಿ.

ಹುಬ್ಬಳ್ಳಿಯಿಂದ ಇನ್ನೊಬ್ಬ ತಾಯಿ: ನಮ್ಮ ಮಗನ ತೂಕ ನಿಜವಾಗಿಯೂ ಏರಿರಲಿಲ್ಲ. ಡಾಕ್ಟರು ಹೇಳಿದಂತೆ ಪ್ರತಿ ಸಲ ಎದೆಗೆ ಹಾಕಿದ ನಂತರ ಕೈಯಿಂದ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿದೆವು, ಕೆಲವು ದಿನ ಅವರೇ ಬರೆದುಕೊಟ್ಟ ಪ್ರಮಾಣದಷ್ಟು ಪುಡಿ ಹಾಲನ್ನೂ ಕೊಟ್ಟೆವು. ತೂಕ ಹಿಡಿದ ಮೇಲೆ ಅದನ್ನು ನಿಲ್ಲಿಸಿದೆವು. ಆದ್ದರಿಂದ ಡಬ್ಬಿ ತರಿಸುವ ಮೊದಲು ನಾಳೆಯೇ ಒಮ್ಮೆ ತೂಕ ಮಾಡಿಸಿರಿ.