ಕಾಂಗ್ರೆಸ್ ಕೊಟ್ಟ ದುಡ್ಡನ್ನು ಅಧ್ಯಕ್ಷರು ಹಿಡಿದಿಟ್ಟುಕೊಳ್ಳಬಹುದಾ? (ಮಗನ ಆಫ್ಟರ್ ಸ್ಕೂಲ್ ವಿಷಯ)

ಹಾಸನದವಳು, ನ್ಯೂಜೆರ್ಸಿ (ಜುಲೈ 15, 2025)

ಎಲ್ಲರಿಗೂ ನಮಸ್ಕಾರ. ಮಗನಿಗೆ ಏಳು ವರ್ಷ. ಶಾಲೆ ಮೂರಕ್ಕೆ ಬಿಡುತ್ತೆ, ನಾನು ಮನೆ ಸೇರುವುದು ಆರಕ್ಕೆ. ನಡುವಿನ ಮೂರು ಗಂಟೆ ಅವನು ಶಾಲೆಯಲ್ಲೇ ನಡೆಯುವ ಆಫ್ಟರ್ ಸ್ಕೂಲ್‌ನಲ್ಲಿ ಇರುತ್ತಿದ್ದ. ಫೀಸ್ ಇಲ್ಲ. ಹೋಂವರ್ಕ್ ಮಾಡಿಸಿ, ಒಂದು ಸೇಬು ಕೊಟ್ಟು ಕಳಿಸುತ್ತಿದ್ದರು. ನಿನ್ನೆ ಇಮೇಲ್ ಬಂತು. ಫೆಡರಲ್ ಹಣ ಬಂದಿಲ್ಲ, ಸೆಪ್ಟೆಂಬರ್‌ಗೆ ಶುರುವಾಗುತ್ತೋ ಇಲ್ಲವೋ ಹೇಳಲು ಆಗಲ್ಲ ಅಂತ. ನಮ್ಮ ಮನೆಯವರು ವಾರಕ್ಕೆ ಮೂರು ದಿನ ಊರಲ್ಲೇ ಇರಲ್ಲ. ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಪಾಸ್ ಮಾಡಿದ ದುಡ್ಡಂತೆ. ಅದನ್ನು ಅಧ್ಯಕ್ಷ ಟ್ರಂಪ್ ಹೀಗೆ ತಡೆಯಬಹುದಾ? ನಾನು ಕಾಯಬೇಕಾ, ಇಲ್ಲ ಕೆಲಸದ ಅವಧಿ ಕಡಿಮೆ ಮಾಡಿಸಿಕೊಳ್ಳಬೇಕಾ?

ಎರಡು ಮಕ್ಕಳ ತಾಯಿ, ಎಡಿಸನ್

ಕಾಯುತ್ತಾ ಕೂರಬೇಡಿ. ಇವತ್ತೇ ವೈಎಂಸಿಎ ವೇಟಿಂಗ್ ಲಿಸ್ಟ್‌ನಲ್ಲಿ ಹೆಸರು ಬರೆಸಿ. ನಿಮ್ಮ ಟೌನ್ ರಿಕ್ರಿಯೇಶನ್ ಆಫೀಸಿಗೂ ಫೋನ್ ಮಾಡಿ, ಕೆಲವು ಕಡೆ ಸಂಜೆ ಆರೂವರೆವರೆಗೆ ನೋಡಿಕೊಳ್ಳುತ್ತಾರೆ. ಎಚ್-1ಬಿಯಲ್ಲಿದ್ದರೆ ಅವಧಿ ಕಡಿಮೆ ಮಾಡಿಸುವ ಮುಂಚೆ ಲಾಯರ್‌ನ ಕೇಳಿ, ಸುಮ್ನೆ ಮಾಡಿಸೋ ಹಾಗಿಲ್ಲ.

ಲೆಕ್ಕದವನು, ಮೇರಿಲ್ಯಾಂಡ್

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಕಾನೂನಿನ ಪ್ರಕಾರ ಇಷ್ಟ ಬಂದ ಹಾಗೆ ತಡೆಯುವಂತಿಲ್ಲ. ಈ ಹಣ ಮಾರ್ಚ್‌ನಲ್ಲಿ ಸಹಿಯಾದ ಬಜೆಟ್‌ನದು, ಸಹಿ ಹಾಕಿದ್ದೂ ಇದೇ ಅಧ್ಯಕ್ಷರು. ಪ್ರತಿ ವರ್ಷ ಜುಲೈ 1ಕ್ಕೆ ರಾಜ್ಯಗಳಿಗೆ ಹೋಗುತ್ತೆ. ಈ ಸಲ ಪರಿಶೀಲನೆ ಮಾಡುತ್ತಿದ್ದೇವೆ ಅಂತ ಆರು ಬಿಲಿಯನ್ ಡಾಲರ್‌ಗೂ ಜಾಸ್ತಿ ಹಿಡಿದಿಟ್ಟಿದ್ದಾರೆ. 1974ರ ಇಂಪೌಂಡ್‌ಮೆಂಟ್ ಕಂಟ್ರೋಲ್ ಆ್ಯಕ್ಟ್ ಪ್ರಕಾರ, ಖರ್ಚೇ ಬೇಡ ಅನ್ನಿಸಿದರೆ ಅಧ್ಯಕ್ಷರು ಕಾಂಗ್ರೆಸ್‌ಗೆ ಬರೆದು ಕೇಳಬೇಕು. ಕಲಾಪದ 45 ದಿನದಲ್ಲಿ ಕಾಂಗ್ರೆಸ್ ಒಪ್ಪದಿದ್ದರೆ ಹಣ ಬಿಡಲೇಬೇಕು. ಖರ್ಚು ಮುಂದೂಡಬಹುದು, ಆದರೆ ಆ ಯೋಜನೆ ಇಷ್ಟವಿಲ್ಲ ಅನ್ನೋದು ಅದಕ್ಕೆ ಕಾರಣ ಆಗಲ್ಲ.

ಬಸವನಗುಡಿ, ಡಲ್ಲಾಸ್

ಕಾನೂನು ಗೀನೂನು ಎಲ್ಲ ಸರಿ ಸರ್. ಮನೆ ಯಜಮಾನನಿಗೆ ದುಡ್ಡು ಉಳಿಸೋ ಹಕ್ಕಿಲ್ವಾ? ನಮ್ಮಾಕೆ ಸೋಫಾಗೆ ಅಂತ ಎರಡು ಸಾವಿರ ಡಾಲರ್ ಎತ್ತಿಟ್ಟಿದ್ದಳು, ನಾನು ಹಳೆಯದೇ ಸಾಕು ಅಂದೆ. ತಪ್ಪಾ? ಇಡೀ ದೇಶ ವೋಟು ಹಾಕಿ ಆರಿಸಿದ್ದು ಅಧ್ಯಕ್ಷರೊಬ್ಬರನ್ನೇ. 1803ರಲ್ಲಿ ಅಧ್ಯಕ್ಷ ಜೆಫರ್ಸನ್ ಕೂಡ ಗನ್‌ಬೋಟ್‌ಗೆ ಅಂತ ಕೊಟ್ಟ 50,000 ಡಾಲರ್ ಖರ್ಚು ಮಾಡಲಿಲ್ಲ. ಆಗ ಯಾರೂ ಅಳಲಿಲ್ಲ.

ಶಿಕಾಗೋ ಅಂಕಲ್

ನಾವು 1978ರಲ್ಲಿ ಬಂದಾಗ ಈ ಆಫ್ಟರ್ ಸ್ಕೂಲ್ ಎಲ್ಲಿತ್ತಮ್ಮ? ಮಗಳ ಕತ್ತಿಗೆ ದಾರದಲ್ಲಿ ಬೀಗದ ಕೈ ಕಟ್ಟಿರುತ್ತಿದ್ದೆವು. ತಾನೇ ಬಾಗಿಲು ತೆಗೆದು, ಮೊಸರನ್ನ ಕಲಸಿಕೊಂಡು ತಿಂದು, ಓದಲು ಕೂರುತ್ತಿದ್ದಳು. ಇವತ್ತು ಹಾರ್ಟ್ ಸರ್ಜನ್. ಮಕ್ಕಳನ್ನು ಜಾಸ್ತಿ ಮುದ್ದು ಮಾಡಬಾರದು.

ಎರಡು ಮಕ್ಕಳ ತಾಯಿ, ಎಡಿಸನ್

ಅಂಕಲ್, ಈಗ ಏಳು ವರ್ಷದ ಮಗುವನ್ನು ಒಂಟಿಯಾಗಿ ಬಿಟ್ಟರೆ ಪಕ್ಕದ ಮನೆಯವರೇ ಪೊಲೀಸ್‌ಗೆ ಫೋನ್ ಮಾಡ್ತಾರೆ. ದಯವಿಟ್ಟು ಅಂಥ ಸಲಹೆ ಕೊಡಬೇಡಿ.

ಲೆಕ್ಕದವನು, ಮೇರಿಲ್ಯಾಂಡ್

ಬಸವನಗುಡಿಯವರೇ, ಜೆಫರ್ಸನ್ ಕಥೆ ಅರ್ಧ ಹೇಳಿದಿರಿ. ಆ ಕಾನೂನಿನಲ್ಲಿ ಇದ್ದದ್ದು 15 ದೋಣಿಗಳನ್ನು ಮೀರದಂತೆ, 50,000 ಮೀರದಂತೆ ಅಂತ. ಅಂದರೆ ಕಡಿಮೆ ಮಾಡುವ ಅವಕಾಶ ಕಾಂಗ್ರೆಸ್ಸೇ ಕೊಟ್ಟಿತ್ತು. ಮಿಸಿಸಿಪ್ಪಿ ಕಡೆ ಜಗಳ ತಣ್ಣಗಾಯಿತು, ಈಗಲೇ ಬೇಡ ಅಂತ ಅವರು ಕಾಂಗ್ರೆಸ್‌ಗೆ ಬಾಯಿಬಿಟ್ಟು ಹೇಳಿದರು. ಸುಮ್ಮನೆ ಬಚ್ಚಿಡಲಿಲ್ಲ.

ಇನ್ನೊಂದು ವಿಷಯ, ನನಗಂತೂ ಇದು ಬಹಳ ಇಷ್ಟ. 1969ರಲ್ಲಿ ನಿಕ್ಸನ್ ಸರ್ಕಾರಕ್ಕೂ ಇದೇ ಪ್ರಶ್ನೆ ಬಂತು, ಅದೂ ಶಾಲೆಗಳ ಹಣದ ಬಗ್ಗೆಯೇ. ಅವರದೇ ನ್ಯಾಯ ಇಲಾಖೆಯ ವಿಲಿಯಂ ರೆನ್‌ಕ್ವಿಸ್ಟ್ ಬರೆದುಕೊಟ್ಟ ಅಭಿಪ್ರಾಯ ಏನು ಗೊತ್ತಾ? ಕೊಟ್ಟ ಹಣವನ್ನು ಖರ್ಚು ಮಾಡಲ್ಲ ಅನ್ನುವ ಅಧಿಕಾರ ಅಧ್ಯಕ್ಷರಿಗೆ ಇದೆ ಅನ್ನೋದಕ್ಕೆ ತರ್ಕವೂ ಇಲ್ಲ, ಹಿಂದೆ ನಡೆದ ಉದಾಹರಣೆಯೂ ಇಲ್ಲ ಅಂತ. ಎಡಪಂಥದವರಲ್ಲ ಅವರು, ಮುಂದೆ ಅಧ್ಯಕ್ಷ ರೇಗನ್ ಇವರನ್ನೇ ಮುಖ್ಯ ನ್ಯಾಯಮೂರ್ತಿ ಮಾಡಿದರು. ನಿಕ್ಸನ್ ಕೇಳಲಿಲ್ಲ ಬಿಡಿ. ಕೊಳಚೆ ನೀರು ಶುದ್ಧೀಕರಣಕ್ಕೆ ಇದ್ದ 11 ಬಿಲಿಯನ್‌ನಲ್ಲಿ ಐದೇ ಬಿಲಿಯನ್ ಹಂಚಿಸಿದರು. ನ್ಯೂಯಾರ್ಕ್ ನಗರ ಕೋರ್ಟಿಗೆ ಹೋಯಿತು, 1975ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದಿತು.

ಬಸವನಗುಡಿ, ಡಲ್ಲಾಸ್

ಆ ತೀರ್ಪು ಆ ಒಂದು ಕಾನೂನಿನ ಪದಗಳ ಬಗ್ಗೆ ಮಾತ್ರ. ಸಂವಿಧಾನದ ಪ್ರಶ್ನೆಗೆ ಕೋರ್ಟ್ ಕೈ ಹಾಕಲೇ ಇಲ್ಲ. ಓದಿ ನೋಡಿ. 36 ಟ್ರಿಲಿಯನ್ ಡಾಲರ್ ಸಾಲ ಇದೆ ಈ ದೇಶಕ್ಕೆ. ಅದನ್ನು ತೀರಿಸೋದು ನಿಮ್ಮ ಮಕ್ಕಳೇ. ಸೇಬು ಹಂಚೋದಕ್ಕೆ ಫೆಡರಲ್ ಸರ್ಕಾರ ಯಾಕೆ ಬೇಕು?

ಲೆಕ್ಕದವನು, ಮೇರಿಲ್ಯಾಂಡ್

ಸಂವಿಧಾನದ ಮಾತು ಒಪ್ಪುತ್ತೇನೆ. ಸೇಬು ಬೇಡ ಅನ್ನೋದೂ ಒಂದು ಅಭಿಪ್ರಾಯವೇ. ಅದನ್ನು ಕಾಂಗ್ರೆಸ್‌ನಲ್ಲಿ ವೋಟಿಗೆ ಹಾಕಿ ಅಂತಷ್ಟೇ ನಾನು ಹೇಳೋದು.

ಧಾರವಾಡ, ಬಾಸ್ಟನ್

ಅಕ್ಕಾರ, ನಮ್ಮ ಕಡೆನೂ ಇದೇ ಹಣೆಬರಹ. 2024ರಾಗ ಬರ ಪರಿಹಾರಕ್ಕ ಕರ್ನಾಟಕ ಕೇಂದ್ರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೇಳಿದ್ದು 18,171 ಕೋಟಿ, ಬಂದದ್ದು 3,454 ಕೋಟಿ.

ಲೆಕ್ಕದವನು, ಮೇರಿಲ್ಯಾಂಡ್

ಅದು ಬೇರೆ ಸರ್. ಅದು ರಾಜ್ಯ, ಕೇಂದ್ರದ ಜಗಳ. ಇಲ್ಲಿ ಶಾಸಕಾಂಗ ಮಂಜೂರು ಮಾಡಿದ್ದನ್ನು ಕಾರ್ಯಾಂಗ ತಡೆಯುತ್ತಿದೆ.

ಧಾರವಾಡ, ಬಾಸ್ಟನ್

ರೊಕ್ಕ ಬರದಿದ್ದವಗ ಎರಡೂ ಒಂದೇ ಅಲ್ಲೇನ್ರೀ.

ಮೈಸೂರಿನವನು, ಸಿಯಾಟಲ್

ತಂಗಿ, ನಾವೂ ಹೀಗೇ ಒದ್ದಾಡಿ ಮಗನನ್ನು ಎರಡನೇ ಕ್ಲಾಸಿಗೆ ಮೈಸೂರಿಗೆ ಅಜ್ಜಿ ಹತ್ತಿರ ಕಳಿಸಿದೆವು. ಒಂದೇ ವರ್ಷ ಅಂತ ಅಂದುಕೊಂಡಿದ್ದು, ನಾಲ್ಕಾಯಿತು. ಒಳ್ಳೆ ಕನ್ನಡ ಬಂತು. ವಾಪಸ್ ಬಂದ ದಿನ ಏರ್‌ಪೋರ್ಟ್‌ನಲ್ಲಿ ನನ್ನನ್ನು ‘ನೀವು’ ಅಂದ. ಈಗ 24 ವರ್ಷ, ಇನ್ನೂ ಹಾಗೇ ಅನ್ನುತ್ತಾನೆ. ಎಷ್ಟೇ ಕಷ್ಟ ಆಗಲಿ, ಮಗುವನ್ನು ಕಳಿಸಬೇಡಿ.

ಬಸವನಗುಡಿ, ಡಲ್ಲಾಸ್

ನಾನು ಕೇಳಿದ ಸಾಲದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಹಾಸನದವಳು, ನ್ಯೂಜೆರ್ಸಿ (ಜುಲೈ 22)

ಆಫ್ಟರ್ ಸ್ಕೂಲ್ ಹಣವನ್ನು ಶುಕ್ರವಾರ ಬಿಟ್ಟರಂತೆ. ಅಧ್ಯಕ್ಷರದೇ ಪಕ್ಷದ ಹತ್ತು ಸೆನೆಟರ್‌ಗಳು ಪತ್ರ ಬರೆದಿದ್ದರಂತೆ, ಅತ್ತ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳ ಕೇಸು ಬೇರೆ. ಖುಷಿಯಿಂದ ಶಾಲೆಗೆ ಫೋನ್ ಮಾಡಿದೆ. ಇಬ್ಬರು ಟೀಚರ್ ಆಗಲೇ ಬೇರೆ ಕೆಲಸ ಹಿಡಿದು ಹೋಗಿದ್ದಾರೆ, ಅರ್ಧ ಮಕ್ಕಳಿಗಷ್ಟೇ ಜಾಗ ಅಂತ ಹೇಳಿದರು. ನಮ್ಮವನ ಹೆಸರು ವೇಟಿಂಗ್ ಲಿಸ್ಟ್‌ನಲ್ಲಿ 14ನೆಯದು.

ಲೆಕ್ಕದವನು, ಮೇರಿಲ್ಯಾಂಡ್ (ಸೆಪ್ಟೆಂಬರ್ 28)

ಹಳೆ ಪೋಸ್ಟ್ ಕೆದಕುತ್ತಿದ್ದೇನೆ, ಬೇಜಾರಾಗಬೇಡಿ. ನಾನು 45 ದಿನ ಅಂದಿದ್ದೆನಲ್ಲ, ಅಧ್ಯಕ್ಷರು ಅದರಲ್ಲೇ ಒಂದು ಕಿಂಡಿ ಹುಡುಕಿದ್ದಾರೆ. ಆಗಸ್ಟ್ ಕೊನೆಗೆ 4.9 ಬಿಲಿಯನ್ ಡಾಲರ್ ವಿದೇಶಿ ನೆರವು ರದ್ದು ಮಾಡಿ ಅಂತ ಕಾಂಗ್ರೆಸ್‌ಗೆ ಬರೆದರು. ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತೆ. 45 ದಿನ ತುಂಬುವ ಮುಂಚೆಯೇ ಹಣದ ಅವಧಿ ಮುಗಿದುಹೋಗುತ್ತೆ. ಪಾಕೆಟ್ ರಿಸಿಶನ್ ಅಂತಾರೆ ಇದಕ್ಕೆ. ಇದು ಕಾನೂನುಬಾಹಿರ ಅಂತ ಕಾಂಗ್ರೆಸ್‌ನ ಲೆಕ್ಕ ತಪಾಸಣೆ ಸಂಸ್ಥೆ ಜಿಎಒ ಹೇಳಿತು. ಆದರೂ ಮೊನ್ನೆ ಶುಕ್ರವಾರ ಸುಪ್ರೀಂ ಕೋರ್ಟ್ ಸದ್ಯಕ್ಕೆ ಹಣ ತಡೆಹಿಡಿಯಲು ಬಿಟ್ಟಿದೆ. ಅಂತಿಮ ತೀರ್ಪು ಅಲ್ಲ ಅಂತ ಅವರೇ ಹೇಳಿದ್ದಾರೆ. ಜುಲೈನಲ್ಲಿ ನಾನು ಅಷ್ಟು ಖಡಾಖಂಡಿತವಾಗಿ ಬರೆಯಬಾರದಿತ್ತು.

ಬಸವನಗುಡಿ, ಡಲ್ಲಾಸ್

ನಾನು ಆಗಲೇ ಹೇಳಿದ್ದೆ.

ಹಾಸನದವಳು, ನ್ಯೂಜೆರ್ಸಿ

ಎಡಿಸನ್ ಅಕ್ಕ, ನೀವು ಮೊದಲೇ ಹೇಳಿದ ಟೌನ್ ರಿಕ್ರಿಯೇಶನ್ ವಿಷಯ ಈ ಗಲಾಟೆಯಲ್ಲಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಹೋದ ವಾರ ಸೇರಿಸಿದೆ. ತಿಂಗಳಿಗೆ 380 ಡಾಲರ್, ಆರೂವರೆವರೆಗೆ ನೋಡಿಕೊಳ್ಳುತ್ತಾರೆ. ತಿಂಡಿ ಮಾತ್ರ ನಾವೇ ಕಟ್ಟಿಕೊಡಬೇಕು.